ಕ್ಯಾನನ್ 745, 746 ಕಾರ್ಟ್ರಿಜ್ ಮುಗಿದಿದೆ: ಕಲಬುರಗಿಯಲ್ಲಿ ಒರಿಜಿನಲ್ ತಗೊಳ್ಳಲಾ, ರಿಫಿಲ್ ಮಾಡಿಸಲಾ?

ಆಳಂದ_ರೋಡ್_ಅಕ್ಕ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕ್ಯಾನನ್‌ನ ಸಣ್ಣ ಪ್ರಿಂಟರ್ ಇದೆ, ಎಂಜಿ2570ಎಸ್. ಕಪ್ಪು ಇಂಕ್ ಮುಗಿದಿದೆ. ಬಣ್ಣದ್ದೂ ಇನ್ನೇನು ಮುಗಿಯುತ್ತದೆ. ಮುಚ್ಚಳ ತೆಗೆದು ನೋಡಿದರೆ 745, 746 ಅಂತ ಬರೆದಿದೆ. ಸೂಪರ್ ಮಾರ್ಕೆಟ್ ಕಡೆ ಅಂಗಡಿಗಳಲ್ಲಿ ಕೇಳಿದೆ. ಒಬ್ಬರು ಒರಿಜಿನಲ್ ಬಿಟ್ಟು ಬೇರೇನೂ ಹಾಕಬೇಡಿ ಅಂದರು. ಇನ್ನೊಬ್ಬರು ಸುಮ್ನೆ ಯಾಕೆ ದುಡ್ಡು ಹಾಕ್ತೀರಿ, ರಿಫಿಲ್ ಮಾಡಿ ಕೊಡ್ತೀನಿ ಅಂದರು. ಮತ್ತೊಬ್ಬರು ನನ್ನ ಮಾತು ಮುಗಿಯುವ ಮುಂಚೆಯೇ ಹೊಸ ಪ್ರಿಂಟರಿನ ಡಬ್ಬಿ ಇಳಿಸಿದರು! ಎರಡೂ ಕಾರ್ಟ್ರಿಜ್ ಸೇರಿದರೆ ಪ್ರಿಂಟರಿನ ಅರ್ಧ ಬೆಲೆಯ ಹತ್ತಿರ ಹೋಗುತ್ತದೆ. ಮಗಳು ಪಿಯುಸಿ ಎರಡನೇ ವರ್ಷ. ಹಳೇ ಪ್ರಶ್ನೆಪತ್ರಿಕೆ, ಸಿಇಟಿ ಅರ್ಜಿ, 371ಜೆ ಪ್ರಮಾಣಪತ್ರದ ಪ್ರತಿ ಅಂತ ತಿಂಗಳಿಗೆ ಐವತ್ತು ಹಾಳೆ ಬೇಕಾಗುತ್ತದೆ. ವಾರಂಟಿ ಯಾವತ್ತೋ ಮುಗಿದಿದೆ. ತಿಳಿದವರು ಹೇಳಿ.

ತೊಗರಿ_ಕಣಜ
ಪ್ರಿಂಟರ್ ಅಂದರೆ ಅಳಿಯ ಇದ್ದಂಗೆ ಅಕ್ಕಾ. ಮನೆಗೆ ತರುವಾಗ ಸಲೀಸು, ಆಮೇಲೆ ಹಬ್ಬ ಹಬ್ಬಕ್ಕೂ ಖರ್ಚು.

ಕೋರ್ಟ್‌ರೋಡ್_ಝೆರಾಕ್ಸ್
ಅಕ್ಕಾ, ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಪ್ರಿಂಟರ್ ಮೇಲಿನ ಪುಟ್ಟ ಪರದೆಯಲ್ಲಿ ಒಂದೊಂದೇ ಅಕ್ಷರ ಮಿನುಗುತ್ತಿರುತ್ತದೆ. ಇ, 1, 3 ಅಂತ ಬಂದರೆ ಇಂಕ್ ಮುಗಿದಿರಬಹುದು ಅಂತ. ಇ, 1, 6 ಅಂತ ಬಂದರೆ ಮುಗಿದಿದೆ ಅಂತ. ಎರಡರಲ್ಲಿ ಯಾವುದು ಬಂದರೂ ಸ್ಟಾಪ್ ಬಟನ್ನನ್ನು ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಿರಿ. ಪ್ರಿಂಟರ್ ಮತ್ತೆ ಕೆಲಸ ಶುರು ಮಾಡುತ್ತದೆ. ಆ ಕಾರ್ಟ್ರಿಜ್‌ನಲ್ಲಿ ಎಷ್ಟು ಇಂಕ್ ಇದೆ ಅಂತ ಆಮೇಲೆ ತೋರಿಸುವುದಿಲ್ಲ, ಅಷ್ಟೇ. ಇದು ಕಳ್ಳದಾರಿ ಅಲ್ಲ, ಕಂಪನಿಯ ಕೈಪಿಡಿಯಲ್ಲೇ ಇದೆ. ಈ ಪ್ರಿಂಟರ್ ಒಳಗಿನ ಇಂಕನ್ನು ನೇರವಾಗಿ ಅಳೆಯುವುದಿಲ್ಲ, ಉದುರಿಸಿದ ಹನಿಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಹಾಗಾಗಿ ಮುಗಿಯಿತು ಅಂದಮೇಲೂ ಒಂದಿಷ್ಟು ಹಾಳೆ ಬರುತ್ತವೆ. ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿಬಿಡಿ.

ಯಾಕೆ ನಿಲ್ಲಿಸಬೇಕು ಅಂದರೆ, ನಿಮ್ಮ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ. 745, 746ರಲ್ಲಿ ಇಂಕ್ ಮಾತ್ರ ಇರುವುದಿಲ್ಲ. ಹಾಳೆ ಮೇಲೆ ಇಂಕ್ ಚಿಮ್ಮಿಸುವ ಹೆಡ್ ಕೂಡ ಕಾರ್ಟ್ರಿಜ್‌ಗೇ ಅಂಟಿಕೊಂಡಿದೆ. ಕೆಳಗೆ ತಾಮ್ರದ ಬಣ್ಣದ ಪಟ್ಟಿ ಕಾಣುತ್ತಲ್ಲ, ಅದೇ. ಅದರೊಳಗೆ ಕೂದಲಿಗಿಂತ ಸಣ್ಣ ತೂತುಗಳು, ಪ್ರತಿ ತೂತಿನ ಹಿಂದೆ ಒಂದು ಪುಟ್ಟ ಹೀಟರ್. ಹೀಟರ್ ಕಾದಾಗ ಇಂಕ್‌ನಲ್ಲಿ ಗುಳ್ಳೆ ಎದ್ದು, ಒಂದು ಹನಿ ಹೊರಗೆ ಚಿಮ್ಮುತ್ತದೆ. ಆ ಹೀಟರನ್ನು ತಣ್ಣಗಿಡುವುದೂ ಇಂಕೇ. ಇಂಕ್ ಇಲ್ಲದೆ ಓಡಿಸಿದರೆ ಹೀಟರ್ ಸುಟ್ಟುಹೋಗುತ್ತದೆ. ಸುಟ್ಟ ಕಾರ್ಟ್ರಿಜ್‌ಗೆ ಏನು ತುಂಬಿದರೂ ಗೆರೆ ಗೆರೆ ಬರುತ್ತದೆ.

ರಿಫಿಲ್ ಮಾಡಿಸಿದರೆ ಪ್ರಿಂಟರ್ ಹಾಳಾಗುತ್ತದೆ ಅಂತ ಎಲ್ಲ ಪ್ರಿಂಟರಿಗೂ ಒಂದೇ ಮಾತು ಹೇಳಿ ಹೆದರಿಸುತ್ತಾರೆ. ಹೆಡ್ ಎಲ್ಲಿದೆ ಅಂತ ಯಾರೂ ಕೇಳುವುದೇ ಇಲ್ಲ. ನಿಮ್ಮದರಲ್ಲಿ ಹೆಡ್ ಕಾರ್ಟ್ರಿಜ್‌ನಲ್ಲೇ ಇರುವುದರಿಂದ, ಕೆಟ್ಟ ಇಂಕ್ ಹಾಕಿದರೂ ಹೋಗುವುದು ಬಹುತೇಕ ಆ ಕಾರ್ಟ್ರಿಜ್ ಮಾತ್ರ. ಹೊಸದು ಹಾಕಿದರೆ ಹೆಡ್ಡೂ ಹೊಸದು. ಎಪ್ಸನ್ ಥರದ ಪ್ರಿಂಟರಿನಲ್ಲಿ ಹೆಡ್ ಮಷಿನ್ ಒಳಗೇ ಕೂತಿದೆ. ಅಲ್ಲಿ ಕೆಟ್ಟ ಇಂಕ್ ಹಾಕಿ ಹೆಡ್ ಕಟ್ಟಿಕೊಂಡರೆ ಹೊಸ ಪ್ರಿಂಟರಿಗೇ ದುಡ್ಡು ಜೋಡಿಸಬೇಕು. ಹಾಗಾಗಿ ನನ್ನ ಪ್ರಕಾರ ನೀವು ಧೈರ್ಯವಾಗಿ ರಿಫಿಲ್ ಮಾಡಿಸಿ ನೋಡಬಹುದು. ಇಂಕ್ ಟ್ಯಾಂಕ್ ಪ್ರಿಂಟರ್, ಅಂದರೆ ಬಾಟಲಿಯಿಂದ ಇಂಕ್ ಸುರಿಯುವಂಥದ್ದು ಇದ್ದವರು ಮಾತ್ರ ಕಂಪನಿಯ ಬಾಟಲಿ ಬಿಟ್ಟು ಬೇರೆ ಮುಟ್ಟಬಾರದು. ಹೇಗೂ ಆ ಬಾಟಲಿ ಅಗ್ಗವೇ.

ಸೇಡಂ_ಸಿಮೆಂಟ್
ಅಣ್ಣಾ, ಹೆಡ್ ವಿಷಯ ಒಪ್ಪಿದೆ. ಆದರೆ ರಿಫಿಲ್ ಅಷ್ಟು ಸಲೀಸು ಅನ್ನಬೇಡಿ. ಜಾಸ್ತಿ ತುಂಬಿಬಿಟ್ಟರೆ ಇಂಕ್ ಒಳಗೇ ಸೋರುತ್ತದೆ. ಕಾರ್ಟ್ರಿಜ್ ಕೂರುವ ಜಾಗದಲ್ಲಿ ತಗಲುವ ಪಿನ್ನುಗಳ ಮೇಲೆ ಬಿದ್ದರೆ ಪ್ರಿಂಟರ್ ಕಾರ್ಟ್ರಿಜ್ಜನ್ನೇ ಗುರುತಿಸುವುದಿಲ್ಲ. ಆಮೇಲೆ ಬಣ್ಣದ 746 ನೋಡಿ, ಒಂದೇ ಡಬ್ಬಿಯೊಳಗೆ ನೀಲಿ, ಗುಲಾಬಿ, ಹಳದಿ ಮೂರು ಖಾನೆ. ಮೂರರಲ್ಲೂ ಸ್ಪಂಜು. ಸಿರಿಂಜ್ ಸ್ವಲ್ಪ ಆಚೀಚೆ ಆದರೆ ಹಳದಿಗೆ ನೀಲಿ ಸೇರಿ, ಮಗಳ ಫೋಟೋ ಹಸಿರಾಗಿ ಬರುತ್ತದೆ.

ಕೋರ್ಟ್‌ರೋಡ್_ಝೆರಾಕ್ಸ್
ಹೌದು, ಅದಕ್ಕೇ ನಾನು ಕಪ್ಪು ರಿಫಿಲ್, ಬಣ್ಣ ಹೊಸದು ಅನ್ನುತ್ತೇನೆ. ಕಪ್ಪಿಗೆ ಒಂದೇ ಖಾನೆ, ಕೆಡಿಸುವುದು ಕಷ್ಟ. ಇನ್ನೊಂದು ಮಾತು ಕೇಳಿ. 745ರ ಪೂರ್ತಿ ಹೆಸರು ಪಿಜಿ-745. ಅದರಲ್ಲಿರುವುದು ಪಿಗ್ಮೆಂಟ್ ಕಪ್ಪು, ಅಂದರೆ ಬಣ್ಣದ ಸಣ್ಣ ಕಣಗಳು ಹಾಳೆ ಮೇಲೆ ಕೂರುತ್ತವೆ. ನೀರು ಬಿದ್ದರೂ ಬೇಗ ಹರಡುವುದಿಲ್ಲ. ಸಿಎಲ್-746ರಲ್ಲಿ ಡೈ ಇಂಕ್, ನೀರಿನಲ್ಲಿ ಕರಗಿದ ಬಣ್ಣ. ರಿಫಿಲ್ ಮಾಡುವ ಎಷ್ಟೋ ಕಡೆ ಎಲ್ಲ ಪ್ರಿಂಟರಿಗೂ ಒಂದೇ ಕಪ್ಪು ಡೈ ತುಂಬುತ್ತಾರೆ. ಪ್ರಿಂಟ್ ಬರುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಬೇಸಿಗೆಯಲ್ಲಿ ಬೆವರಿದ ಕೈಯಲ್ಲಿ ಹಾಲ್ ಟಿಕೆಟ್ ಹಿಡಿದಾಗ ಹೆಬ್ಬೆರಳಿಗೆ ಅಕ್ಷರ ಹತ್ತುತ್ತದೆ. ‘ಪಿಗ್ಮೆಂಟ್ ಇದೆಯಾ’ ಅಂತ ಕೇಳಿ. ಹಾಗಂದರೇನು ಅಂತ ಅವರೇ ತಿರುಗಿ ಕೇಳಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಬೀದರ್_ಕೋಟೆ
ನಾವು ಬೀದರಿನವರು ಇಂಥದ್ದಕ್ಕೆಲ್ಲ ಹೈದರಾಬಾದಿಗೇ ಹೋಗುತ್ತೇವೆ. ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿ ಸಿಟಿಸಿ ಅಂತ ಕಂಪ್ಯೂಟರ್ ಮಾರ್ಕೆಟ್ ಇದೆ. ಕೇಳಿದ ಕಾರ್ಟ್ರಿಜ್ ಸಿಗುತ್ತದೆ, ಚೌಕಾಸಿಯೂ ನಡೆಯುತ್ತದೆ. ಆದರೆ ಅಲ್ಲಿಯೂ ‘ಕಂಪ್ಯಾಟಿಬಲ್’, ಅಂದರೆ ಇದಕ್ಕೆ ಹೊಂದುತ್ತದೆ ಅಂತ ಮೊದಲು ಕೈಗೆ ಕೊಡುವುದೇ ಬೇರೆ ಮಾಲು. ಒಂದು ಕಾರ್ಟ್ರಿಜ್‌ಗೋಸ್ಕರ ಯಾರೂ ಹೋಗಬೇಡಿ, ಬೇರೆ ಕೆಲಸ ಇದ್ದಾಗ ತನ್ನಿ.

ಒಂದು ಡೌಟ್. ನಮ್ಮ ತಮ್ಮ ದುಬೈನಲ್ಲಿದ್ದಾನೆ. ಮುಂದಿನ ತಿಂಗಳು ಬರುವಾಗ ಅಲ್ಲಿಂದ ತರಿಸಿಕೊಳ್ಳಲಾ? ನನ್ನದೂ 745ರ ಪ್ರಿಂಟರೇ.

ಸೇಡಂ_ಸಿಮೆಂಟ್
ಬೇಡ ರೀ. ಕ್ಯಾನನ್ ಒಂದೇ ಥರದ ಕಾರ್ಟ್ರಿಜ್ಜನ್ನು ಒಂದೊಂದು ಭಾಗಕ್ಕೆ ಒಂದೊಂದು ನಂಬರಿನಲ್ಲಿ ಮಾರುತ್ತದೆ. ನಮ್ಮ ಕಡೆ 745, ಅಮೆರಿಕದಲ್ಲಿ 245, ಯುರೋಪಿನಲ್ಲಿ 545, ದುಬೈ ಕಡೆ 445. ನೋಡೋಕೆ ಒಂದೇ ಇದ್ದರೂ ಪ್ರಿಂಟರ್ ಒಪ್ಪುವುದಿಲ್ಲ. ತಮ್ಮನಿಗೆ ಖರ್ಜೂರ ತರೋಕೆ ಹೇಳಿ.

ಯಾದಗಿರಿ_ಮೇಷ್ಟ್ರು
ಅಕ್ಕಾವ್ರೆ, ಸ್ವಲ್ಪ ಲೆಕ್ಕ ಹಾಕೋಣ. ಪಿಜಿ-745ರಲ್ಲಿ ಇರುವುದು 8 ಮಿಲಿ ಇಂಕ್. ಕಂಪನಿ ಹೇಳುವುದು ಸುಮಾರು 180 ಪುಟ. ಒಂಬೈನೂರಕ್ಕೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಪುಟಕ್ಕೆ ಐದು ರೂಪಾಯಿ ಆಯಿತು. ಇಂಕ್ ಲೀಟರಿಗೆ ಲಕ್ಷ ರೂಪಾಯಿ ದಾಟಿತು! ಅದೂ ಹಾಳೆಯ ಮೇಲೆ ಮಾದರಿ ಪುಟದಷ್ಟೇ ಇಂಕ್ ಬಿದ್ದರೆ ಅಂತ. ನಿಗದಿತ ಮಾದರಿ ಪುಟಗಳನ್ನು ಒಂದರ ಹಿಂದೆ ಒಂದು ಪ್ರಿಂಟ್ ಮಾಡಿ ಈ ಲೆಕ್ಕ ತೆಗೆಯುತ್ತಾರೆ. ಐಎಸ್ಒ 24711 ಅಂತ ಅದಕ್ಕೊಂದು ಪದ್ಧತಿ ಇದೆ. ಮನೆಯಲ್ಲಿ ಹಾಗೆ ಯಾರು ಮಾಡುತ್ತಾರೆ? ಸ್ಕ್ಯಾನ್ ಮಾಡಿದ ಪ್ರಶ್ನೆಪತ್ರಿಕೆಯಲ್ಲಿ ಹಿಂದಿನ ಬೂದು ನೆರಳೂ ಪ್ರಿಂಟ್ ಆಗುತ್ತದೆ. ಅಂಥ ಹಾಳೆಗೆ ಇಂಕ್ ಎರಡು ಮೂರು ಪಟ್ಟು ಹೋಗುತ್ತದೆ.

ಈಗ ಇಂಕ್ ಟ್ಯಾಂಕ್ ನೋಡಿ. ನನ್ನ ಹತ್ತಿರ ಎಪ್ಸನ್ ಎಲ್3110 ಇದೆ. ಅದಕ್ಕೆ 003 ಬಾಟಲಿ. ಕಪ್ಪು 65 ಮಿಲಿ, 4,500 ಪುಟ ಅಂತ ಕಂಪನಿ ಲೆಕ್ಕ. ಕ್ಯಾನನ್‌ನ ಜಿ2010ಕ್ಕೆ ಜಿಐ-790 ಬಾಟಲಿ. ಕಪ್ಪು 135 ಮಿಲಿ, 6,000 ಪುಟ. ಪುಟದ ಖರ್ಚು ಪೈಸೆಗಳಲ್ಲಿ ಬರುತ್ತದೆ. ಶಾಲೆಯ ಕೆಲಸ ಪೂರ್ತಿ ಅದರಲ್ಲೇ ನಡೆಯುತ್ತಿದೆ. ಒಂದು ಕೊರತೆ ಹೇಳಿಬಿಡುತ್ತೇನೆ, 003 ಕಪ್ಪೂ ಡೈ ಇಂಕೇ. ಮಳೆಗಾಲದಲ್ಲಿ ಹಾಳೆ ಒದ್ದೆ ಮಾಡಬಾರದು. ಜಿಐ-790ರ ಕಪ್ಪು ಪಿಗ್ಮೆಂಟ್.

ಆಳಂದ_ರೋಡ್_ಅಕ್ಕ
ಮೇಷ್ಟ್ರೆ, ಹಾಗಾದರೆ ಆ ಮೂರನೇ ಅಂಗಡಿಯವರು ಹೇಳಿದ್ದೇ ಸರಿನಾ? ಟ್ಯಾಂಕ್ ಪ್ರಿಂಟರ್ ತಗೊಳ್ಳಲಾ?

ಯಾದಗಿರಿ_ಮೇಷ್ಟ್ರು
ತಿಂಗಳಿಗೆ ಐವತ್ತು ಅಂದರೆ ವರ್ಷಕ್ಕೆ ಆರುನೂರು ಹಾಳೆ. ಒರಿಜಿನಲ್ ಕಾರ್ಟ್ರಿಜ್‌ನಲ್ಲಿ ಮೂರು ಸಾವಿರದ ಆಸುಪಾಸು ಖರ್ಚು. ಟ್ಯಾಂಕ್ ಪ್ರಿಂಟರಿಗೆ ಹತ್ತು ಹನ್ನೆರಡು ಸಾವಿರ ಹಾಕಿದರೆ, ಅದು ವಾಪಸ್ ಬರೋಕೆ ಮೂರು ನಾಲ್ಕು ವರ್ಷ ಬೇಕು. ಮಗಳು ಮುಂದೆ ಹಾಸ್ಟೆಲಿಗೆ ಹೋದರೆ ಮನೆಯಲ್ಲಿ ಪ್ರಿಂಟ್ ಯಾರು ತೆಗೆಯುತ್ತಾರೆ? ನಿಮಗೆ ಬೇಡ ಅನಿಸುತ್ತದೆ. ಇನ್ನೂರು ಮುನ್ನೂರು ಹಾಳೆ ಬೇಕಾದವರಿಗೆ ಅದು.

ಕೋರ್ಟ್‌ರೋಡ್_ಝೆರಾಕ್ಸ್
ಮೇಷ್ಟ್ರು ಸರಿಯಾಗಿ ಹೇಳಿದರು. ಬರೀ ಕಪ್ಪು ಸಾಕು ಅನ್ನುವವರಿಗೆ ಲೇಸರ್ ಕೂಡ ಇದೆ, ಅದರಲ್ಲಿ ಇಂಕ್ ಬದಲು ಪೌಡರ್ ಇರುತ್ತದೆ. ನಮ್ಮ ಅಂಗಡಿಯಲ್ಲಿ ಇವತ್ತಿಗೂ ಕ್ಯಾನನ್ ಎಲ್‌ಬಿಪಿ2900 ಓಡುತ್ತಿದೆ. ಅದರ 303 ಕಾರ್ಟ್ರಿಜ್, ಎಚ್‌ಪಿಯ 12ಎ ಎರಡೂ ಹೆಚ್ಚುಕಡಿಮೆ ಒಂದೇ. 2,000 ಪುಟ ಬರುತ್ತದೆ. ಪೌಡರ್ ತುಂಬುವವರು ಊರೂರಿಗೂ ಇದ್ದಾರೆ. ಮುಖ್ಯ ಏನೆಂದರೆ ಪೌಡರ್ ಒಣಗುವುದಿಲ್ಲ. ಆರು ತಿಂಗಳು ಬಿಟ್ಟು ಆನ್ ಮಾಡಿದರೂ ಅಕ್ಷರ ಬರುತ್ತದೆ. ಆದರೆ ಲೇಸರನ್ನು ಮನೆಯ ಇನ್ವರ್ಟರಿಗೆ ಹಾಕಬೇಡಿ. ಹಾಳೆಯ ಮೇಲೆ ಪೌಡರ್ ಕಾಯಿಸಿ ಅಂಟಿಸುವಾಗ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತದೆ. ಇಂಕ್‌ಜೆಟ್ಟಿಗೆ, ಅಂದರೆ ನಿಮ್ಮಂಥ ಇಂಕಿನ ಪ್ರಿಂಟರಿಗೆ, ಆ ತೊಂದರೆ ಇಲ್ಲ.

ಶಹಾಬಾದ್_ಫರ್ಶಿ
ಒಣಗುವ ಮಾತು ಬಂತಲ್ಲ, ನನ್ನದೂ ಕೇಳಿ. ಪ್ರಿಂಟರಿನಲ್ಲಿ ಅರ್ಧ ಇಂಕ್ ತೋರಿಸುತ್ತದೆ, ಹಾಳೆ ಮಾತ್ರ ಖಾಲಿ ಬರುತ್ತದೆ. ರಜೆಗೆ ಊರಿಗೆ ಹೋಗಿ ಬಂದಮೇಲೆ ಹೀಗಾಗಿದೆ. ಹೆಡ್ ಕ್ಲೀನಿಂಗ್ ಕೊಟ್ಟರೆ ಇಂಕ್ ಇಳಿಯುತ್ತಿದೆ, ಅಕ್ಷರ ಬರುತ್ತಿಲ್ಲ. ಕಾರ್ಟ್ರಿಜ್ ಕೆಳಗೆ ತಾಮ್ರದ ಪಟ್ಟಿ ಇದೆ.

ಸೇಡಂ_ಸಿಮೆಂಟ್
ಕ್ಲೀನಿಂಗ್ ನಿಲ್ಲಿಸಿ ಮೊದಲು. ಪ್ರತಿ ಸಲವೂ ಇಂಕನ್ನು ಎಳೆದು ಒಳಗಿನ ಪ್ಯಾಡಿಗೆ ಚೆಲ್ಲುತ್ತದೆ. ಹೆಡ್ ಕಾರ್ಟ್ರಿಜ್‌ನಲ್ಲೇ ಇರುವುದರಿಂದ ಹೀಗೆ ಮಾಡಿ. ಟಿಶ್ಯೂ ಪೇಪರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಮಡಚಿ, ತಟ್ಟೆಯಲ್ಲಿ ಇಡಿ. ಕಾರ್ಟ್ರಿಜ್‌ನ ಹೆಡ್ ಕೆಳಗೆ ಬರುವಂತೆ ಅದರ ಮೇಲೆ ಒಂದೆರಡು ನಿಮಿಷ ಕೂರಿಸಿ. ಉಜ್ಜಬೇಡಿ. ಟಿಶ್ಯೂ ಮೇಲೆ ಇಂಕಿನ ಗುರುತು ಬಿತ್ತು ಅಂದರೆ ತೂತು ಬಿಚ್ಚಿತು. ಪಿನ್ ತಗಲುವ ಜಾಗ ಒಣಗಿಸಿ ವಾಪಸ್ ಹಾಕಿ. ಹೆಡ್ ಮಷಿನ್ ಒಳಗಿರುವ ಪ್ರಿಂಟರಿಗೆ ಈ ಉಪಾಯ ನಡೆಯುವುದಿಲ್ಲ.

ನಮ್ಮ ಕಡೆ ಮೇನಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಕಲ್ಲಿನ ಮಾಳಿಗೆ ರಾತ್ರಿಯೂ ಕಾದಿರುತ್ತದೆ. ಅಂಥ ಕೋಣೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೆ ಇಂಕ್ ಒಣಗದೆ ಇನ್ನೇನಾಗುತ್ತದೆ? ವಾರಕ್ಕೊಂದು ಹಾಳೆಯಾದರೂ ತೆಗೆಯಿರಿ, ಸ್ವಲ್ಪ ಬಣ್ಣವೂ ಇರಲಿ. ಮತ್ತೊಂದು, ಎಷ್ಟೋ ಮನೆಯಲ್ಲಿ ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸುತ್ತಾರೆ. ಪ್ರಿಂಟರಿನ ಬಟನ್ ಒತ್ತಿ ಆರಿಸಿದರೆ ಹೆಡ್ ಮೂಲೆಗೆ ಹೋಗಿ, ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ನಡುವೆ ಗೋಡೆ ಸ್ವಿಚ್ ಆರಿಸಿದರೆ ಎಲ್ಲಿತ್ತೋ ಅಲ್ಲೇ ಬಾಯಿ ತೆರೆದು ನಿಲ್ಲುತ್ತದೆ. ನಡುವೆ ಕರೆಂಟ್ ಹೋದರೂ ಅಷ್ಟೇ. ಕರೆಂಟ್ ಬಂದಮೇಲೆ ಒಮ್ಮೆ ಆನ್ ಮಾಡಿ, ಬಟನ್‌ನಲ್ಲೇ ಆಫ್ ಮಾಡಿ.

ತೊಗರಿ_ಕಣಜ
ಕರೆಂಟ್ ಬಂದಮೇಲೆ ಅಂದಿರಾ? ಶುಭಕಾರ್ಯ ಬೇಗ ಆಗಲಿ.

ಗುಂಪಾ_ಗೆಳತಿ
ನಾನೂ ಬೀದರ್. ನನ್ನದು ಎಚ್‌ಪಿ, 803 ಹಾಕುತ್ತೇನೆ. ಅದಕ್ಕೂ ಇದೇ ಲೆಕ್ಕನಾ?

ಕೋರ್ಟ್‌ರೋಡ್_ಝೆರಾಕ್ಸ್
803ರಲ್ಲೂ ಹೆಡ್ ಕಾರ್ಟ್ರಿಜ್‌ಗೇ ಇದೆ ತಂಗಿ. ಹಾಗಾಗಿ ರಿಫಿಲ್ ಲೆಕ್ಕ ಅದೇ. ತಗೊಳ್ಳುವಾಗ ಡಬ್ಬಿಯ ಮೇಲೆ ‘ಸ್ಮಾಲ್’ ಅಂತ ಇದೆಯಾ ನೋಡಿ, ಎಷ್ಟು ಪುಟ ಅಂತಲೂ ಓದಿ. ಬೆಲೆ ಕಡಿಮೆ ಅಂತ ಖುಷಿಯಾಗಿ ತಂದರೆ ಒಳಗೆ ಇಂಕೂ ಕಡಿಮೆ. ಒಂದು ಕಾರ್ಟ್ರಿಜ್ ತೆಗೆದಿಟ್ಟರೂ ಇನ್ನೊಂದರಲ್ಲೇ ಪ್ರಿಂಟ್ ತೆಗೆಯುವ ಅನುಕೂಲ ಎಚ್‌ಪಿಯ ಇಂಥ ಪ್ರಿಂಟರುಗಳಲ್ಲಿ ಇದೆ. ಕ್ಯಾನನ್‌ನಲ್ಲಿ ಹಾಗಲ್ಲ. ಎರಡೂ ಒಳಗೆ ಕೂತಿರಲೇಬೇಕು, ಒಂದು ಖಾಲಿಯಾಗಿದ್ದರೂ ಪರವಾಗಿಲ್ಲ. ಅಕ್ಕಾ, ನಿಮ್ಮ ಕಂಪ್ಯೂಟರಿನಲ್ಲಿ ಪ್ರಿಂಟರ್ ಸೆಟ್ಟಿಂಗಿಗೆ ಹೋಗಿ ‘ಕಪ್ಪು ಮಾತ್ರ’ ಅಂತ ಆರಿಸಿಕೊಳ್ಳಿ. ಬಣ್ಣದ್ದನ್ನು ಈಗಲೇ ಕೊಳ್ಳುವ ಅಗತ್ಯ ಇಲ್ಲ.

ಸೇಡಂ_ಸಿಮೆಂಟ್
ಎಚ್‌ಪಿಯವರಿಗೆ ಇನ್ನೊಂದು. ಹೊಸ ಮಾದರಿಗಳಲ್ಲಿ ‘ಡೈನಾಮಿಕ್ ಸೆಕ್ಯೂರಿಟಿ’ ಅಂತ ಒಂದು ಏರ್ಪಾಡು ಇದೆ. ಪ್ರಿಂಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ, ಬೇರೆ ಕಂಪನಿಯ ಚಿಪ್ ಇರುವ ಕಾರ್ಟ್ರಿಜ್ಜನ್ನು ಅದು ಬೇಡ ಅನ್ನಬಹುದು. 2016ರ ಸೆಪ್ಟೆಂಬರಿನಲ್ಲಿ ಇದರಿಂದ ಎಷ್ಟೋ ದೇಶಗಳಲ್ಲಿ ಗಲಾಟೆಯಾಯಿತು. ನಿನ್ನೆ ತನಕ ಓಡುತ್ತಿದ್ದ ಕಾರ್ಟ್ರಿಜ್ ಬೆಳಗಾಗುವಷ್ಟರಲ್ಲಿ ನಿಂತುಹೋಗಿತ್ತು. ಎಚ್‌ಪಿಯದೇ ಹಳೇ ಚಿಪ್ ಇರುವ, ಇಂಕ್ ತುಂಬಿದ ಕಾರ್ಟ್ರಿಜ್‌ಗೆ ಅಡ್ಡಿ ಇಲ್ಲ ಅಂತ ಕಂಪನಿಯೇ ಹೇಳುತ್ತದೆ. ಅದಕ್ಕೇ ನಿಮ್ಮ ಕಾರ್ಟ್ರಿಜ್ಜನ್ನೇ ತುಂಬಿಸಿಕೊಳ್ಳಿ. ಅಂಗಡಿಯವರು ಬದಲಿಗೆ ಬೇರೆಯದು ಕೊಟ್ಟರೆ ಬೇಡ ಅನ್ನಿ.

ಅಂದಹಾಗೆ ಇಂಥ ಹೆಡ್ ಇರುವ ನಂಬರುಗಳಲ್ಲಿ ‘ಕಂಪ್ಯಾಟಿಬಲ್’ ಅಂತ ಮಾರುವುದು ಸಾಮಾನ್ಯವಾಗಿ ಹೊಸದಲ್ಲ. ಯಾರೋ ಬಳಸಿ ಬಿಸಾಡಿದ ಒರಿಜಿನಲ್ಲನ್ನೇ ತೊಳೆದು, ತುಂಬಿ, ಹೊಸ ಲೇಬಲ್ ಅಂಟಿಸಿದ್ದು. ಅದರ ಹೆಡ್ ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು? ನನ್ನ ಮಾತು ಕೇಳುವುದಾದರೆ ಒರಿಜಿನಲ್ ತಗೊಳ್ಳಿ, ಇಲ್ಲವೇ ನಿಮ್ಮದನ್ನೇ ನಿಮ್ಮ ಕಣ್ಣೆದುರು ತುಂಬಿಸಿ. ಕಂಪ್ಯಾಟಿಬಲ್ ಮಾತ್ರ ಬೇಡ.

ಜಗತ್_ಸರ್ಕಲ್_ವಕೀಲ
ಒರಿಜಿನಲ್ ಅಂತ ಡುಪ್ಲಿಕೇಟ್ ಕೊಟ್ಟರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಬಿಲ್ ತಗೊಳ್ಳಿ, ಅದರಲ್ಲಿ ‘ಪಿಜಿ-745 ಒರಿಜಿನಲ್’ ಅಂತಲೇ ಬರೆಸಿ. ಬಿಲ್ ಕೊಡೋಕೆ ಹಿಂದೆಮುಂದೆ ನೋಡಿದರೆ ಆ ಮಾಲನ್ನು ಅಲ್ಲೇ ಬಿಡಿ. ಡಬ್ಬಿಯ ಮೇಲೆ ಎಂಆರ್‌ಪಿ, ತಿಂಗಳು ಮತ್ತು ವರ್ಷ, ಆಮದು ಮಾಡಿದವರ ವಿಳಾಸ, ಗ್ರಾಹಕರ ದೂರಿನ ನಂಬರ್ ಇರಬೇಕು. ಪ್ಯಾಕ್ ಮಾಡಿದ ಮಾಲಿಗೆ ಇದು 2011ರ ತೂಕ ಮತ್ತು ಅಳತೆಯ ನಿಯಮ. ಎಂಆರ್‌ಪಿಗಿಂತ ಜಾಸ್ತಿ ಕೇಳುವಂತಿಲ್ಲ. ಮೋಸ ಅನಿಸಿದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದ ಒಳಗಿನ ವಿಷಯಕ್ಕೆ ಶುಲ್ಕವೂ ಇಲ್ಲ. ವಕೀಲರೇ ಬೇಕು ಅಂತಲೂ ಇಲ್ಲ (ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡೆ).

ಬೀದರ್_ಕೋಟೆ
ವಕೀಲ ಸಾಹೇಬ್ರೆ, ಆನ್‌ಲೈನ್ ತಗೊಂಡರೆ?

ಜಗತ್_ಸರ್ಕಲ್_ವಕೀಲ
2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಆನ್‌ಲೈನೂ ಬರುತ್ತದೆ. ನೀವು ಬೀದರಿನಲ್ಲಿದ್ದರೆ ಬೀದರಿನಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದ್ದರೂ ಸರಿ. ಡಬ್ಬಿ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮಾರುವವರ ಹೆಸರೂ ನೋಡಿ. ವೆಬ್‌ಸೈಟ್ ದೊಡ್ಡದಿದ್ದರೂ ಮಾರುವವರು ಯಾರೋ ಇರುತ್ತಾರೆ. ಎಲ್ಲರಿಗಿಂತ ತುಂಬಾ ಕಡಿಮೆ ರೇಟ್ ಇದ್ದರೆ ಡೌಟ್ ಪಡಿ.

ಆಳಂದ_ರೋಡ್_ಅಕ್ಕ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟಾಪ್ ಬಟನ್ ಒತ್ತಿ ಹಿಡಿದೆ, ಪ್ರಿಂಟ್ ಬಂತು! ಪ್ರಶ್ನೆಪತ್ರಿಕೆ ಅರ್ಧ ಕಟ್ಟು ತೆಗೆದಮೇಲೆ ಮಸುಕಾಯಿತು, ನಿಲ್ಲಿಸಿದೆ. ‘ಕಪ್ಪು ಮಾತ್ರ’ ಸೆಟ್ಟಿಂಗ್ ಮಗಳೇ ಹುಡುಕಿ ಮಾಡಿಕೊಟ್ಟಳು. ಪರೀಕ್ಷೆ ಹತ್ತಿರ ಇರುವುದರಿಂದ ರಿಫಿಲ್‌ನ ತಲೆನೋವು ಈಗ ಬೇಡ ಅಂತ ಒಂದು ಒರಿಜಿನಲ್ ಕಪ್ಪು ತಂದೆ, ಬಿಲ್ ಸಮೇತ. ಹಳೆಯದನ್ನು ಪರೀಕ್ಷೆ ಮುಗಿದಮೇಲೆ ತುಂಬಿಸಿ ನೋಡುತ್ತೇನೆ. ಅಲ್ಲಿ ತನಕ ಹೇಗಿಡಲಿ? ಖಾಲಿ ಕಾರ್ಟ್ರಿಜ್‌ಗೆ ಕೂಡ ದುಡ್ಡು ಕೊಡುತ್ತೇನೆ ಅಂತ ಅಂಗಡಿಯವರು ಕೇಳಿದರು, ಯಾಕೆ?

ಕೋರ್ಟ್‌ರೋಡ್_ಝೆರಾಕ್ಸ್
ಯಾಕೆ ಅಂತ ಸೇಡಂ ಅಣ್ಣ ಮೇಲೆ ಹೇಳಿದ್ದಾರಲ್ಲ, ನಿಮ್ಮ ಖಾಲಿಯೇ ಇನ್ನೊಬ್ಬರ ‘ಹೊಸ’ ಕಾರ್ಟ್ರಿಜ್. ಖಾಲಿ ಡಬ್ಬಿಯನ್ನೂ ಕೊಡಬೇಡಿ, ಹರಿದು ಹಾಕಿ. ಹಳೆಯದರ ಹೆಡ್ ಒಣಗಿದರೆ ರಿಫಿಲ್ ಮಾಡಿಯೂ ಪ್ರಯೋಜನ ಇಲ್ಲ. ಹೊಸ ಕಾರ್ಟ್ರಿಜ್ ಮೇಲಿಂದ ಟೇಪ್ ಕೀಳುತ್ತೀರಲ್ಲ, ಅದನ್ನು ಹಳೆಯದಕ್ಕೆ ಅಂಟಿಸಬೇಡಿ, ತೂತಿಗೆ ಅಂಟು ಹತ್ತುತ್ತದೆ. ಸಣ್ಣ ಡಬ್ಬದೊಳಗೆ ಒದ್ದೆ ಟಿಶ್ಯೂ ಇಟ್ಟು, ಅದಕ್ಕೆ ತಾಗದ ಹಾಗೆ ಕಾರ್ಟ್ರಿಜ್ ಇಟ್ಟು ಗಟ್ಟಿ ಮುಚ್ಚಿ. ತುಂಬಾ ತಡ ಮಾಡಬೇಡಿ. ಕೊನೆಗೆ ಬಿಸಾಡುವಾಗಲೂ ಮನೆ ಕಸಕ್ಕೆ ಹಾಕಬೇಡಿ. ಪ್ರಿಂಟರ್ ಕಾರ್ಟ್ರಿಜ್ ಇ-ತ್ಯಾಜ್ಯದ ನಿಯಮದಲ್ಲಿ ಬರುತ್ತದೆ.

ಆಳಂದ_ರೋಡ್_ಅಕ್ಕ
ಇನ್ನೊಂದು ಅಣ್ಣಾ. ಈಗ ಡಬ್ಬಿ ಸರಿಯಾಗಿ ನೋಡಿದೆ. ಮೇಲೆ 745ಎಸ್ ಅಂತ ಇದೆ, ಬಿಲ್ಲಿನಲ್ಲಿ ಬರೀ 745 ಅಂತ ಬರೆದಿದ್ದಾರೆ. ಇನ್ನೂ ಬಿಚ್ಚಿಲ್ಲ.

ಕೋರ್ಟ್‌ರೋಡ್_ಝೆರಾಕ್ಸ್
ಎಸ್ ಅಂದರೆ ಇಂಕ್ ಕಡಿಮೆ ಇರುವುದು. ನಿಮ್ಮ ಪ್ರಿಂಟರಿಗೆ ನಡೆಯುತ್ತದೆ, ಮಾಲೂ ಒರಿಜಿನಲ್ಲೇ ಇರಬಹುದು. ಆದರೆ ನೀವು ಕೊಟ್ಟದ್ದು 745ರ ದುಡ್ಡು. ಬಿಚ್ಚದೆ ಹಾಗೇ ಇಡಿ. ಎಂಆರ್‌ಪಿಯ ಫೋಟೋ ತೆಗೆದುಕೊಳ್ಳಿ. ಬಿಲ್ ಹಿಡಿದು ನಾಳೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಬದಲಾಯಿಸಿ ಕೊಡಿ ಅನ್ನಿ.

ಜಗತ್_ಸರ್ಕಲ್_ವಕೀಲ
ಬದಲಾಯಿಸದಿದ್ದರೆ ಇಲ್ಲೇ ಬರೆಯಿರಿ ಅಕ್ಕಾ, ದೂರು ಬರೆಯೋದು ನಾನು ಹೇಳಿಕೊಡುತ್ತೇನೆ.